ಗವಿಯೊಳಗಿನ ಬಾಣಂತಿ

ಕೊಟ್ಟೂರಿನಲ್ಲಿ ಗಾದೆಪ್ಪನಿಗೆ ಬಾಡಿಗೆ ಖೋಲಿ ಸಿಕ್ಕಿದ್ದು ಎಂಟನೆಯ ಮನೆಯಲ್ಲಿ. ಮೊದಲಿನ ಏಳು ಮನೆಗಳಲ್ಲಿ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಆ ಏಳೂ ಮನೆಯವರು ಬಲು ಮರ್ಯಾದಸ್ಥರು. ಬೈಯಲಿಲ್ಲ, ಮುಖದ ಮೇಲೆ ಬಾಗಿಲು ಹಾಕಲಿಲ್ಲ. ‘ಮೊನ್ನೇನೇ ಒಬ್ಬರಿಗೆ ಮಾತು ಕೊಟ್ಟೀವಪಾ’ ಎಂದರು. ‘ಮಗಳು ಬಾಣಂತನಕ್ಕ ಬರಾಕಿ ಅದಾಳ, ಖೋಲಿ ಬೇಕಾಗ್ತೈತಿ’ ಎಂದರು. ಆ ವರ್ಷ ಕೊಟ್ಟೂರಿನ ಹೆಣ್ಣುಮಕ್ಕಳೆಲ್ಲ ಒಟ್ಟಿಗೇ ಬಸುರಾಗಿದ್ದರೋ ಏನೋ, ಶಿವನಿಗೇ ಗೊತ್ತು.

ಎಂಟನೆಯ ಮನೆಯ ಮರುಳಸಿದ್ದಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆಯೇ ಕೇಳಿದಳು.

‘ಯಾರ ಪೈಕಿಯಪಾ ನೀನು?’

‘ಕುರುಬ್ರು ರೀ’ ಎಂದುಬಿಟ್ಟ ಗಾದೆಪ್ಪ.

‘ಮನ್ಯಾಗ ಯಾರ್ಯಾರು ಅದಾರ?’

‘ಯಾರೂ ಇಲ್ಲ ರೀ. ಅಪ್ಪ ಅವ್ವ ಇಬ್ರೂ ತೀರಿಕೊಂಡ್ರು.’

ಅಪ್ಪ ತೀರಿಕೊಂಡದ್ದು ನಿಜ. ಅವ್ವ ಸುಂಕಮ್ಮ ಮಾತ್ರ ಅದೇ ಹೊತ್ತಿಗೆ, ಕಾನಹೊಸಹಳ್ಳಿಯಿಂದ ಎರಡು ಹರದಾರಿ ದೂರದ ಹಳ್ಳಿಯ ಕೇರಿಯಲ್ಲಿ, ಗುಡ್ಡದಿಂದ ಹೊತ್ತು ತಂದ ಕಟ್ಟಿಗೆಯನ್ನು ಅಂಗಳದಲ್ಲಿ ಇಳಿಸುತ್ತಿದ್ದಳು. ಒಂದು ಸುಳ್ಳಿಗೆ ಕಾಲು ಬರಬೇಕಾದರೆ ಇನ್ನೊಂದು ಸುಳ್ಳು ಬೇಕಲ್ಲ! ಅವ್ವ ಬದುಕಿದ್ದಾಳೆ ಎಂದರೆ ಒಂದಲ್ಲ ಒಂದು ದಿನ ನೋಡಲು ಬಂದಾಳು, ಬಂದರೆ ಬಣ್ಣ ಬಯಲಾದೀತು. ಹಾಗಾಗಿ ಎಪ್ಪತ್ತೈದನೆಯ ಇಸವಿಯ ಜೂನ್ ತಿಂಗಳಲ್ಲಿ ಗಾದೆಪ್ಪ ಒಂದು ಖೋಲಿಗಾಗಿ ಹೆತ್ತ ತಾಯಿಯನ್ನು ಬಾಯಿಮಾತಿನಲ್ಲಿ ಸಾಯಿಸಿದ. ಊರಿಗೆ ಹೋದಾಗ ಅವ್ವನಿಗೆ ಅರ್ಧ ಮಾತ್ರ ಹೇಳಿದ: ‘ಜಾತಿ ಬ್ಯಾರೆ ಹೇಳೀನಿ, ನೀ ಆ ಕಡಿ ಬರಬ್ಯಾಡ ಯವ್ವಾ.’ ಸುಂಕಮ್ಮ, ‘ನಾ ಯಾಕ ಬರ್ಲಿ, ನನಗೇನ್ ಅಲ್ಲಿ ಕೆಲ್ಸ’ ಎಂದು ಒಲೆಗೆ ಎರಡು ಕಡ್ಡಿ ನೂಕಿದಳು.

ಅವನಿಗೆ ಸಿಕ್ಕದ್ದು ಕಾಲೇಜೊಂದರ ಜೀವಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಕೆಲಸ. ಅವರ ಕೇರಿಯಲ್ಲಿ ತಿಂಗಳ ಪಗಾರ ಎಣಿಸಿದವರಲ್ಲಿ ಅವನೇ ಮೊದಲಿಗ. ಕಪ್ಪೆ ಹಿಡಿದು ತರುವುದು, ಜಾಡಿಗಳಲ್ಲಿ ಮದ್ದಿನ ನೀರು ಕಡಿಮೆಯಾದರೆ ತುಂಬುವುದು, ಪ್ರಾಕ್ಟಿಕಲ್ ದಿನ ತಟ್ಟೆ ಜೋಡಿಸುವುದು ಅವನ ಪಾಲಿನ ಕೆಲಸ. ಕಾಲೇಜಿನ ಕಡತದಲ್ಲಿ ಅವನ ಜಾತಿ ಇದ್ದ ಹಾಗೇ ಇತ್ತು, ಆದರೆ ಕಡತ ಬೀರುವಿನಲ್ಲಿತ್ತು. ಬೀದಿಯಲ್ಲಿ ಅವನು ಮರುಳಸಿದ್ದಮ್ಮನ ಮನೆಯ ಕುರುಬರ ಹುಡುಗ. ಹಾಗೇ ಮೂರು ವರ್ಷ ನಡೆಯಿತು.

ಲೆಕ್ಚರರ್ ನಾಗೇಂದ್ರಪ್ಪ ಹರಪನಹಳ್ಳಿ ಕಡೆಯವರು. ಪಾಠಕ್ಕೆ ನಿಂತರೆ ಊಟ ಮರೆಯುವ ಮನುಷ್ಯ. ಒಂದು ದಿನ ಹಾವಿನ ಪಾಠ ನಡೆದಿತ್ತು. ಹಾವಿನ ಮೈಯಲ್ಲಿ ನಮ್ಮ ಹಾಗೆ ಸ್ವಂತ ಕಾವಿಲ್ಲ, ಹೊರಗೆ ಎಷ್ಟು ಬಿಸಿಯೋ ಒಳಗೂ ಅಷ್ಟೇ, ತತ್ತಿ ಇಟ್ಟು ತನ್ನ ಪಾಡಿಗೆ ಹೋಗುತ್ತದೆ, ಕೋಳಿಯ ಹಾಗೆ ಕಾವು ಕೂರುವುದಿಲ್ಲ ಎಂದು ಅವರು ಹೇಳುತ್ತಿದ್ದರು. ತಟ್ಟೆ ಎತ್ತಿಡಲು ಬಂದಿದ್ದ ಗಾದೆಪ್ಪನ ಬಾಯಿ ಸುಮ್ಮನಿರಲಿಲ್ಲ.

‘ಹೆಬ್ಬಾವು ಹಂಗಲ್ಲ ರೀ ಸರ್. ಬಿಟ್ಟು ಹೋಗಂಗಿಲ್ಲ. ಮೈಯಾಗ ಕಾವೂ ಇರ್ತೈತಿ.’

ಹುಡುಗರು ನಕ್ಕರು. ನಾಗೇಂದ್ರಪ್ಪ ನಗಲಿಲ್ಲ. ಪಾಠ ಮುಗಿದ ಮೇಲೆ ದಪ್ಪ ಪುಸ್ತಕವೊಂದನ್ನು ತಿರುವಿ ಹಾಕಿ, ‘ಏನೋ ಗಾದೆಪ್ಪ, ನೀನು ಹೇಳಿದ್ದು ಇಲ್ಲೂ ಬರ್ದವ್ರೆ! ಹೊರದೇಶದಾಗೆ ಬೋನಿನಾಗಿಟ್ಟು ನೋಡವ್ರೆ. ನಿನಗೆ ಹೆಂಗೆ ಗೊತ್ತಾಯ್ತು?’ ಎಂದರು.

ಆಗ ಗಾದೆಪ್ಪ ಕಥೆ ಹೇಳಿದ. ಕಥೆ ಸುಂಕಮ್ಮನದು. ಗುಡ್ಡದಲ್ಲಿ ಮುಳ್ಳುಹಂದಿ ತೋಡಿ ಬಿಟ್ಟುಹೋದ ಗವಿಯೊಂದರಲ್ಲಿ ಪ್ರತಿ ಬೇಸಿಗೆಗೆ ಹೆಬ್ಬಾವೊಂದು ತತ್ತಿಯಿಟ್ಟು, ಸುತ್ತಿಕೊಂಡು, ಎರಡು ತಿಂಗಳು ಅನ್ನಾಹಾರವಿಲ್ಲದೆ ಬಿದ್ದಿರುತ್ತಿತ್ತು. ಮೊದಲ ಸಲ ಕಂಡ ವರ್ಷ, ಮಳೆ ಬಿದ್ದ ಮರುದಿನ ಬೆಳಗಿನ ತಂಪಿನಲ್ಲಿ, ಅದು ಗಡಗಡ ನಡುಗುತ್ತಿತ್ತು. ಸುಂಕಮ್ಮನ ಕರುಳು ಚುರ್ ಎಂದಿತು. ಪಾಪ, ಹಸಿ ಬಾಣಂತಿ, ಚಳಿ ಹೊಕ್ಕಿದೆ ಎಂದುಕೊಂಡಳು. ನಮ್ಮ ಕಡೆ ಬಾಣಂತಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಮನೆಗೆ ಓಡಿ ಮಡಕೆಯ ಹೋಳಿನಲ್ಲಿ ಕೆಂಡ ತಂದು, ಮೇಲೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಉದುರಿಸಿ, ಗವಿಯ ಬಾಯಲ್ಲಿಟ್ಟು ಹೊಗೆ ಹಾಕಿದಳು. ಹೆಬ್ಬಾವು ಬುಸುಗುಟ್ಟಿ ಇನ್ನೊಂದು ಕಿಂಡಿಯಿಂದ ಹೋದದ್ದು ತಿರುಗಿ ಬರಲಿಲ್ಲ. ಮೂರನೆಯ ದಿನಕ್ಕೆ ಉಡಗಳು ತತ್ತಿ ಮುಗಿಸಿದ್ದವು. ‘ಬಾಣಂತಿ ಮನಿಗೆ ಬೆಂಕಿ ಇಟ್ಟ ಪಾಪಿ ನಾನು’ ಎಂದು ಸುಂಕಮ್ಮ ವರ್ಷವಿಡೀ ಕೊರಗಿದಳು. ಮುಂದಿನ ಬೇಸಿಗೆಗೆ ಅದೇ ಗವಿಗೆ ಹಾವು ಮತ್ತೆ ಬಂದಾಗ ಆಕೆ ಕೆಂಡ ತರಲಿಲ್ಲ. ಸಪ್ಪಳ ಮಾಡದೆ ಕೂತು, ಅದರ ತಲೆ ಆಚೆ ತಿರುಗಿದ್ದಾಗ ಒಂದು ಬೆರಳು ಚಾಚಿ ಮುಟ್ಟಿದಳು. ಕಲ್ಲು ತಣ್ಣಗಿತ್ತು, ಹಾವು ಬೆಚ್ಚಗಿತ್ತು. ‘ಅದು ನಡುಗೋದು ಚಳಿಗಲ್ಲಲೇ ಗಾದ್ಯಾ, ಮೈಯಾಗ ಒಲಿ ಹಚ್ಚಾಕ’ ಎಂದು ಮಗನಿಗೆ ಹೇಳಿದವಳು ಆಕೆ. ಅಲ್ಲಿಂದ ಮುಂದೆ ಕಟ್ಟಿಗೆಗೆ ಬರುವ ಹೆಂಗಸರನ್ನೂ ಆ ದಾರಿ ತುಳಿಯಲು ಬಿಡುತ್ತಿರಲಿಲ್ಲ.

ಇಷ್ಟನ್ನೂ ಗಾದೆಪ್ಪ ಒಂದಕ್ಷರ ಬಿಡದೆ ನಾಗೇಂದ್ರಪ್ಪನವರಿಗೆ ಹೇಳಿದ. ‘ನಮ್ಮವ್ವ’ ಎಂಬಲ್ಲೆಲ್ಲ ‘ನಾನು’ ಎಂದ, ಅಷ್ಟೇ. ಸತ್ತುಹೋದ ಅವ್ವ ಮೊನ್ನೆ ಮೊನ್ನೆ ಹಾವು ಮುಟ್ಟಿದಳು ಎನ್ನಲಾದೀತೆ?

ನಾಗೇಂದ್ರಪ್ಪನವರಿಗೆ ನಿದ್ದೆ ಹಾರಿಹೋಯಿತು. ಎಪ್ಪತ್ತೆಂಟರ ಮೇ ತಿಂಗಳ ರಜೆಯಲ್ಲಿ, ಅಡ್ಡಮಳೆ ಬಿದ್ದು ತಂಪಾದ ವಾರ ನೋಡಿ, ‘ನಡಿಯೋ, ಹೋಗಾಣ’ ಎಂದು ಹೊರಟೇಬಿಟ್ಟರು. ಫೋಟೋ ತೆಗೆಯಲು ಸ್ಟುಡಿಯೋದ ಕೊಟ್ರಗೌಡನನ್ನೂ ಕರೆದರು. ಕೊಟ್ರಗೌಡ ಬೇರೆ ಯಾರೂ ಅಲ್ಲ, ಮರುಳಸಿದ್ದಮ್ಮನ ಖಾಸಾ ತಮ್ಮ. ಆ ಹೆಸರು ಕೇಳಿದ ಗಾದೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಾನಹೊಸಹಳ್ಳಿಯಲ್ಲಿ ಉಳಿದು ನಸುಕಿಗೇ ಹೊರಟರೆ ಊರು ಹೊಗದೆ ಗುಡ್ಡದ ಹಿಂದಿನಿಂದ ಹತ್ತಬಹುದು. ಅವ್ವ ಬರುವುದು ಬಿಸಿಲೇರಿದ ಮೇಲೆ, ಅಷ್ಟರಲ್ಲಿ ಇಳಿದುಬಿಡಬಹುದು.

ದಾರಿಯುದ್ದಕ್ಕೂ ಕೊಟ್ರಗೌಡನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ‘ಸರ್, ಅದು ತಬ್ಬಿಕೊಂಡ್ರ ಎಲುಬು ಪುಡಿಪುಡಿ ಅಂತಾರಲ್ರೀ?’

‘ಎಲುಬು ಮುರಿಯಲ್ಲಪ್ಪ. ಹಿಡಿದ ಪ್ರಾಣಿ ಒಂದೊಂದ್ಸಲ ಉಸಿರು ಬಿಟ್ಟಾಗ್ಲೂ ಒಂದೊಂದಿಷ್ಟು ಬಿಗಿ ಮಾಡುತ್ತೆ. ಮತ್ತೆ ಉಸಿರು ಎಳಕೊಳ್ಳಾಕೆ ಜಾಗನೇ ಇರಲ್ಲ. ವಿಷ ಗಿಷ ಏನಿಲ್ಲ. ನಿನ್ನಂಥ ಹೊಟ್ಟೆಯವನ್ನ ನುಂಗಾಕೂ ಅದಕ್ಕೆ ಆಗಲ್ಲ, ಹೆದರಬೇಡ.’

ಕೊಟ್ರಗೌಡ ಹೊಟ್ಟೆ ಸವರಿಕೊಂಡು ನಕ್ಕ. ಗಾದೆಪ್ಪನೂ ನಕ್ಕ. ಗವಿಯ ಮುಂದಿನ ಬಂಡೆ ಕಾಣುವವರೆಗೆ ಎಲ್ಲ ನೆಟ್ಟಗಿತ್ತು.

ಬಂಡೆಯ ಪಕ್ಕದಲ್ಲಿ ಸುಂಕಮ್ಮ ಕೂತಿದ್ದಳು. ತಂಪು ಬಿದ್ದ ದಿನ ಹೆಬ್ಬಾವು ಹೆಚ್ಚು ನಡುಗುತ್ತದೆಂದು ಆಕೆ ನಸುಕಿಗೇ ನೋಡಲು ಬಂದಿದ್ದಳು. ತಲೆಗೆ ಸಿಂಬಿ, ಮಂಡಿಯವರೆಗೆ ಎತ್ತಿ ಕಟ್ಟಿದ ಸೀರೆ, ಪಕ್ಕದಲ್ಲಿ ಕುಡುಗೋಲು. ಮಗನನ್ನು ಕಂಡು ಮುಖ ಅರಳಿತು, ಬಾಯಿ ತೆರೆದಳು. ಅಷ್ಟರಲ್ಲಿ ಕೊಟ್ರಗೌಡ ಕೇಳಿದ.

‘ಯಾರಲೇ ಗಾದೆಪ್ಪ ಈಕಿ?’

‘ಯಾರೋ ರೀ. ಕಟ್ಟಿಗಿ ಮಾರೋ ಹೆಂಗಸು. ಕೇರಿಯಾಕಿ.’

ಅವನ ದನಿ ಒಂದಿಷ್ಟೂ ನಡುಗಲಿಲ್ಲ. ಮುಂದೆ ಎಷ್ಟೋ ವರ್ಷ ಅವನನ್ನು ಸುಟ್ಟದ್ದು ಅದೇ. ನಾಲಗೆ ತಡವರಿಸಬಹುದಿತ್ತು, ಕೆಮ್ಮಾದರೂ ಬರಬಹುದಿತ್ತು, ಏನೂ ಆಗಲಿಲ್ಲ.

ಸುಂಕಮ್ಮ ತೆರೆದ ಬಾಯನ್ನು ಹಾಗೇ ಮುಚ್ಚಿದಳು. ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದು, ಸೆರಗು ಸರಿಮಾಡಿಕೊಂಡು, ‘ಸಾವಕಾಶ ಬರ್ರಿ. ಒಳಗ ಬಾಣಂತಿ ಐತಿ, ಜೋರು ಮಾತಾಡಬ್ಯಾಡ್ರಿ’ ಎಂದಳು.

ನಾಗೇಂದ್ರಪ್ಪ ಮೊಣಕಾಲೂರಿ ಗವಿಯೊಳಗೆ ಇಣುಕಿದರು. ಬಾವಿಯ ಹಗ್ಗವನ್ನು ಸುತ್ತಿಟ್ಟ ಹಾಗೆ ಹೆಬ್ಬಾವು ಸುರುಳಿ ಮೇಲೆ ಸುರುಳಿಯಾಗಿ ಕೂತಿತ್ತು, ಎಲ್ಲಕ್ಕಿಂತ ಮೇಲೆ ತಲೆ. ಸುರುಳಿಗಳ ಸಂದಿಯಲ್ಲಿ ಬಾತುಕೋಳಿಯ ಮೊಟ್ಟೆಗಿಂತ ದಪ್ಪನೆಯ ಎರಡು ಬಿಳಿ ತತ್ತಿ ಕಂಡವು. ಉಳಿದವು ಒಳಗಿದ್ದವು. ಬಿಕ್ಕಳಿಕೆ ಬಂದವರ ಹಾಗೆ ಮೈ ಕುಲುಕುತ್ತಿತ್ತು. ನಾಗೇಂದ್ರಪ್ಪ ಗಡಿಯಾರ ಹಿಡಿದು ಎಣಿಸಿದರು, ನಿಮಿಷಕ್ಕೆ ಇಪ್ಪತ್ತು. ಕೋಲಿಗೆ ಥರ್ಮಾಮೀಟರ್ ಕಟ್ಟಿ ಮೊದಲು ಗವಿಯ ಗಾಳಿ ನೋಡಿದರು, ಇಪ್ಪತ್ತೈದು. ಕೋಲನ್ನು ಮೆಲ್ಲಗೆ ಸುರುಳಿಗಳ ನಡುವೆ ಇಳಿಸಿ ಕಾದರು, ಮೂವತ್ತೆರಡು.

‘ಏಳು ಡಿಗ್ರಿ! ಏಳು ಡಿಗ್ರಿ ಕಣೋ!’ ಎಂದು ಪಿಸುಗುಟ್ಟಿದರು. ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು ಬಂದಿತ್ತು. ಕೊಟ್ರಗೌಡ ಕ್ಯಾಮೆರಾ ಎತ್ತಿ ಬೆಳಕು ಹಾಕಲು ಹೊರಟಾಗ ಸುಂಕಮ್ಮ, ‘ಬೆಳಕು ಬ್ಯಾಡ್ರಿ ಯಪ್ಪಾ, ಎದ್ದು ಹೋದ್ರ ತತ್ತಿ ಕೆಡ್ತಾವು’ ಎಂದಳು. ನಾಗೇಂದ್ರಪ್ಪ ಹೊರಳಿ ನೋಡಿದರು. ಬಿಸಿಲು ಬರುವವರೆಗೆ ಕಾದು, ಬೆಳಕು ಹಾಕದೆಯೇ ಫೋಟೋ ತೆಗೆಸಿದರು. ಆಮೇಲೆ ಕೇಳಿದರು.

‘ಅಜ್ಜಿ, ನೀನು ಈ ಹಾವು ನೋಡಿದ್ದೀಯೇನು ಮೊದಲು?’

ಸುಂಕಮ್ಮ, ‘ನೋಡದ ಏನ್ರಿ, ನಾಕು ವರ್ಷದಿಂದ’ ಎಂದು ಶುರುಮಾಡಿದವಳು ಮಗನ ಮುಖ ನೋಡಿದಳು. ಏನು ಕಂಡಳೋ! ಮಾತು ಹೊರಳಿಸಿದಳು.

‘ದೂರದಿಂದ ನೋಡೀನ್ರಿ ಅಷ್ಟ. ನನಗೇನ್ ತಿಳಿತೈತ್ರಿ. ಈ ಸಾಹೇಬ್ರಿಗೆ ಗೊತ್ತಿರ್ತೈತಿ, ಕೇಳ್ರಿ.’

ಈ ಸಾಹೇಬರು ಎಂದರೆ ಗಾದೆಪ್ಪ.

ಹೊತ್ತೇರಿತು. ನಾಗೇಂದ್ರಪ್ಪ ನೀರಿನ ಕ್ಯಾನು ಬಿಚ್ಚಿ ತಾವು ಕುಡಿದು, ಕೊಟ್ರಗೌಡನಿಗೆ ಕೊಟ್ಟು, ‘ಆ ಅಜ್ಜಿಗೂ ಒಂದಿಷ್ಟು ನೀರು ಕೊಡೋ ಗಾದೆಪ್ಪ’ ಎಂದು ಮತ್ತೆ ತಮ್ಮ ಟಿಪ್ಪಣಿ ಪುಸ್ತಕಕ್ಕೆ ತಲೆಬಾಗಿದರು. ಕೊಟ್ರಗೌಡ ಬಾಯಿ ಒರೆಸಿಕೊಳ್ಳುತ್ತ ಇವನ ಕಡೆಗೇ ನೋಡುತ್ತಿದ್ದ. ಗಾದೆಪ್ಪ ತಂಬಿಗೆ ತುಂಬಿಕೊಂಡು ಹೋದ. ಕೈಗೆ ಕೊಡಬಹುದಿತ್ತು. ಬಂಡೆಯ ಮೇಲಿಟ್ಟು ಹಿಂದೆ ಸರಿಯಬಹುದಿತ್ತು. ಯಾರೂ ಅವನಿಗೆ ಹೀಗೇ ಮಾಡು ಎಂದು ಹೇಳಿರಲಿಲ್ಲ. ಅವನು ಒಂದು ಮಾರು ದೂರ ನಿಂತು ತಂಬಿಗೆಯನ್ನು ಮೇಲಕ್ಕೆತ್ತಿದ.

ಸುಂಕಮ್ಮ ಕ್ಷಣಹೊತ್ತು ನೋಡಿದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದಳು. ಅವನು ಮೇಲಿನಿಂದ ಸುರಿದ. ಎಷ್ಟು ಎತ್ತರದಿಂದ ಸುರಿಯಬೇಕು, ಮೈಗೆ ಸಿಡಿಯದ ಹಾಗೆ ಎಲ್ಲಿ ನಿಲ್ಲಬೇಕು ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಊರ ಹೋಟೆಲಿನ ಹೊರಗೆ ಹೀಗೇ ಕೂತು ಕುಡಿದು ಬೆಳೆದವನು ಅವನು. ಕೆಳಗಿನಿಂದ ಕಂಡದ್ದನ್ನು ಆ ದಿನ ಮೇಲಿನಿಂದ ಮಾಡಿದ. ಅವ್ವನ ಮೊಣಕೈಯಿಂದ ನೀರು ಇಳಿದು ಸೀರೆ ತೊಯ್ದಿತು.

‘ಸಾಕ್ರಿ’ ಎಂದಳು ಸುಂಕಮ್ಮ, ಮಗನಿಗೆ.

ಇಳಿಯುವಾಗ ಕೊಟ್ರಗೌಡ ಅವನ ಬೆನ್ನು ತಟ್ಟಿ, ‘ನಿಮ್ಮ ಕಡಿ ಮಂದಿ ಇನ್ನಾ ಭಯಭಕ್ತಿ ಇಟ್ಕೊಂಡಾರ ಬಿಡು’ ಎಂದ. ಗಾದೆಪ್ಪ ಹೂಂ ಎಂದ. ಆಮೇಲೆ ದಾರಿಯ ಜಾಲಿಗಿಡದ ಹಿಂದೆ ಹೋಗಿ ವಾಂತಿ ಮಾಡಿದ. ಬಿಸಿಲಿಗೆ ಹೀಗಾಗುತ್ತದೆ ಎಂದರು ನಾಗೇಂದ್ರಪ್ಪ.

ಆ ವರ್ಷದ ಕಾಲೇಜು ವಾರ್ಷಿಕ ಸಂಚಿಕೆಯಲ್ಲಿ ಫೋಟೋ ಸಮೇತ ಲೇಖನ ಬಂತು. ನಾಗೇಂದ್ರಪ್ಪ ಪ್ರಾಮಾಣಿಕ ಮನುಷ್ಯ. ‘ಹೆಬ್ಬಾವಿನ ಈ ನಡುಕವನ್ನು ಮೊದಲು ಗಮನಿಸಿ, ಮುಟ್ಟಿ, ಕಾರಣ ತಿಳಿದವರು ನಮ್ಮ ಪ್ರಯೋಗಾಲಯದ ಸಹಾಯಕ ಶ್ರೀ ಗಾದೆಪ್ಪನವರು’ ಎಂದು ಬರೆದರು. ಪ್ರಿನ್ಸಿಪಾಲರು ಶಾಲು ಹೊದಿಸಿದರು. ಮರುಳಸಿದ್ದಮ್ಮ ಹೋಳಿಗೆ ಮಾಡಿ ಕಳಿಸಿದಳು. ಗಾದೆಪ್ಪನಿಗೆ ಶಾಲಿನೊಳಗೆ ಬೆವರು ಕಿತ್ತು ಬಂತು. ಜನ ಅದನ್ನು ಸಂಕೋಚ ಎಂದರು. ಅದು ಸಂಕೋಚವಲ್ಲ, ಅಪ್ಪಟ ನಾಚಿಕೆ. ಕದ್ದ ಮಾಲನ್ನು ಮೈಮೇಲೆ ಹಾಕಿಕೊಂಡು ಮೆರವಣಿಗೆ ಹೊರಟವನ ನಾಚಿಕೆ.

ಐದು ತಿಂಗಳು ಅವನು ಊರಿಗೆ ಹೋಗಲಿಲ್ಲ. ಕಡೆಗೆ ತಡೆಯಲಾರದೆ ಸಂಚಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಹೊರಟ. ಸುಂಕಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಓದು ಬಾರದ ಆಕೆ ಫೋಟೋ ನೋಡಿ, ಹಿಟ್ಟಿನ ಕೈ ತಾಗದ ಹಾಗೆ ಸಂಚಿಕೆಯನ್ನು ದೂರ ಹಿಡಿಸಿದಳು.

‘ಛಲೋ ಬಂದೈತಿ. ತಲಿ ನೋಡು, ಎಷ್ಟು ಸಮಾಧಾನ ಐತಿ. ಜೂನಿನಾಗ ಎಲ್ಲಾ ಒಡದ್ವಲೇ. ಹದಿನೆಂಟು ಚಿಪ್ಪು ಎಣಿಸೀನಿ.’

‘ಯವ್ವಾ, ಇದರಾಗ ನಿನ್ನ ಹೆಸರು ಇರಬೇಕಾಗಿತ್ತು. ನನ್ನ ಹೆಸರು ಐತಿ.’

‘ಯಾರದಾದ್ರೇನು.’

‘ಹಂಗಲ್ಲ. ನಾಳೆ ಹೋಗಿ ಸರ್ ಮುಂದ ಹೇಳಿಬಿಡ್ತೀನಿ.’

‘ಏನಂತ ಹೇಳ್ತಿ?’

‘ನಮ್ಮವ್ವ ಅಂತ.’

ಸುಂಕಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ‘ಹೇಳಿದ್ರ ಖೋಲಿ ಬಿಡಸ್ತಾರ. ಏಳು ಮನಿ ಅಡ್ಡಾಡಿದ ಮ್ಯಾಲೆ ಸಿಕ್ಕ ಖೋಲಿ. ಬ್ಯಾಡ. ಹಾವಿಗೆ ನನ್ನ ಹೆಸರು ಕಟಗೊಂಡು ಆಗಬೇಕಾದ್ದೇನೈತಿ, ನನಗ ಗೊತ್ತು ಅದಕ್ಕ ಗೊತ್ತು.’

‘ಆ ದಿನ ನೀರು...’ ಎಂದ ಗಾದೆಪ್ಪ.

‘ನೀರು ತಣ್ಣಗಿತ್ತು ಬಿಡು. ಬಿಸಿಲಾಗ ಹಾಯ್ ಅನ್ನಿಸ್ತು. ಉಣ್ಣು ಏಳು.’

ಗಾದೆಪ್ಪ ಎದ್ದು ಕೈ ತೊಳೆದು ಉಂಡ. ಬೇಡ ಎಂದು ಅವ್ವ ಹೇಳಿದ್ದಳಲ್ಲ, ಎದೆಯ ಮೇಲಿನ ಬಂಡೆ ಉರುಳಿಹೋಗಿತ್ತು. ಎಷ್ಟೋ ದಿನದ ಮೇಲೆ ಹಸಿವಾಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದ. ನೀರು ಸುರಿದದ್ದಕ್ಕೆ ಅವನು ನಾಚಿದ, ಹೆಸರು ಕದ್ದದ್ದಕ್ಕೆ ನಾಚಿದ. ಆದರೆ ಎಲ್ಲಕ್ಕಿಂತ ಹೆಚ್ಚು ನಾಚಿದ್ದು ಆ ಎರಡು ರೊಟ್ಟಿಗೆ. ಅವ್ವ ಹೂಂ ಅಂದಿದ್ದರೆ ತಾನು ಹೇಳುತ್ತಿದ್ದೆನೋ ಇಲ್ಲವೋ ಎಂಬುದು ಅವನಿಗೆ ಕಡೆಯವರೆಗೂ ಬಗೆಹರಿಯಲಿಲ್ಲ.

ಎಂಬತ್ತೆರಡರಲ್ಲಿ ಅವನಿಗೆ ಕಾಲೇಜಿನ ಹಿಂದೆಯೇ ಕ್ವಾರ್ಟರ್ಸ್ ಸಿಕ್ಕಿತು. ಮರುಳಸಿದ್ದಮ್ಮನ ಖೋಲಿ ಬಿಟ್ಟ. ಇನ್ನು ಯಾರಿಗೂ ಹೆದರಬೇಕಾಗಿರಲಿಲ್ಲ, ಆದರೂ ಹೇಳಲಿಲ್ಲ. ಇಂದು ನಾಳೆ ಎನ್ನುತ್ತ ಎರಡು ವರ್ಷ ತಳ್ಳಿದ. ಎಂಬತ್ನಾಲ್ಕರ ಮಾಘದಲ್ಲಿ ಸುಂಕಮ್ಮ ಮೂರು ದಿನದ ಜ್ವರಕ್ಕೆ ತೀರಿಕೊಂಡಳು. ಮಣ್ಣಿಗೆ ಹೋಗಲು ರಜಾ ಚೀಟಿ ಬರೆದಾಗ ಕಾರಣ ಎಂಬಲ್ಲಿ ‘ಮನೆಯ ಕೆಲಸ’ ಎಂದು ಬರೆದ. ಮೊದಲೇ ಸಾಯಿಸಿದವಳನ್ನು ಮತ್ತೆ ಹೇಗೆ ಸಾಯಿಸುತ್ತಾನೆ?

ಎಂಬತ್ತಾರರಲ್ಲಿ ಮತ್ತೊಂದು ಹೊಸ ಬ್ಯಾಚಿಗೆ ನಾಗೇಂದ್ರಪ್ಪ ಹೆಬ್ಬಾವಿನ ಪಾಠ ಮಾಡುತ್ತಿದ್ದರು. ಕೂದಲು ನರೆತಿತ್ತು, ಹುರುಪು ಹಾಗೇ ಇತ್ತು. ಬೋರ್ಡಿನ ಮೇಲೆ ಎರಡು ಉಷ್ಣತೆ ಬರೆದು, ಕೆಳಗೆ ಎಂದಿನಂತೆ ಗಾದೆಪ್ಪನ ಹೆಸರು ಬರೆದರು. ಕೆಂಡದ ಕಥೆ ಹೇಳಿ ಹುಡುಗರನ್ನು ನಗಿಸಿದರು. ಕಡೆಗೆ ಹೇಳಿದರು.

‘ಎರಡು ತಿಂಗಳು ಉಪವಾಸ ಕೂತು ಕಾಯುತ್ತೆ. ಆದರೆ ತತ್ತಿ ಒಡೆದು ಮರಿ ಹೊರಗೆ ಬಿದ್ದ ಮ್ಯಾಲೆ ಮುಗೀತು. ಆ ಮರಿಗೆ ತನ್ನ ತಾಯಿ ಯಾರು ಅನ್ನೋದೂ ಗೊತ್ತಿರಲ್ಲ.’

ಗಾದೆಪ್ಪ ಕೈಯಲ್ಲಿದ್ದ ಜಾಡಿಯನ್ನು ಮೇಜಿನ ಮೇಲಿಟ್ಟ.

‘ಸರ್, ಅದನ್ನ ಕಂಡುಹಿಡಿದಿದ್ದು ನಾನಲ್ಲ ರೀ. ನಮ್ಮವ್ವ ರೀ. ಸುಂಕಮ್ಮ ಅಂತ. ಕೆಂಡ ಇಟ್ಟಾಕಿನೂ ಆಕಿನೇ, ಮುಟ್ಟಿ ನೋಡಿದಾಕಿನೂ ಆಕಿನೇ.’

ನಾಗೇಂದ್ರಪ್ಪ ಸೀಮೆಸುಣ್ಣ ಹಿಡಿದೇ ಅವನ ಕಡೆ ತಿರುಗಿದರು. ಮೆಲ್ಲಗೆ ಕೇಳಿದರು.

‘ಗುಡ್ಡದಾಗೆ ನೀನು ಮೇಲಿಂದ ನೀರು ಹಾಕಿದ್ಯಲ್ಲ, ಆಕೆಯೇನೋ?’

ಅವರು ತಲೆಬಗ್ಗಿಸಿ ಬರೆಯುತ್ತಿದ್ದರು, ನೋಡಿಲ್ಲ ಎಂದೇ ಗಾದೆಪ್ಪ ಎಂಟು ವರ್ಷ ನಂಬಿದ್ದ.

‘ಹೂಂ ರೀ.’

ನಾಗೇಂದ್ರಪ್ಪ ಬೋರ್ಡಿಗೆ ತಿರುಗಿ ಅವನ ಹೆಸರು ಒರೆಸಿ ‘ಸುಂಕಮ್ಮ’ ಎಂದು ಬರೆದರು. ಹುಡುಗರು ತಮ್ಮ ನೋಟ್‌ಬುಕ್ಕಿನಲ್ಲಿ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದುಕೊಂಡರು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಸರ್, ಸುಂಕಮ್ಮ ಮೇಡಂ ಯಾವ ಕಾಲೇಜಿನಾಗ ಇದ್ರು?’ ಎಂದು ಕೇಳಿದಳು. ಯಾರೂ ನಗಲಿಲ್ಲ. ಗಂಟೆ ಹೊಡೆಯಿತು, ಹುಡುಗರು ಎದ್ದು ಹೋದರು.

ಗಾದೆಪ್ಪ ಜಾಡಿಗಳ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತ. ಹನ್ನೊಂದು ವರ್ಷ ಹೆದರಿದ ಮಾತು ಒಂದು ನಿಮಿಷವೂ ಹಿಡಿದಿರಲಿಲ್ಲ. ಇಷ್ಟು ಸಲೀಸಾಗಿ ಆಡಬಹುದಾಗಿದ್ದ ಮಾತನ್ನು ಕೇಳಬೇಕಾಗಿದ್ದವಳು ಒಬ್ಬಳೇ ಒಬ್ಬಳು, ಆಕೆ ಮಣ್ಣು ಸೇರಿ ಎರಡು ವರ್ಷ ಕಳೆದಿತ್ತು.